ವಾರಕ್ಕೊಂದು ಪೊಟ್ಟಣ: ಗರ್ಭಿಣಿಯರು ವಿಟಮಿನ್ ಡಿ ತೆಗೆದುಕೊಳ್ಳುವ ಕ್ರಮ

ಶಿಡ್ಲಘಟ್ಟದ ನಮ್ಮ ಔಷಧಿ ಅಂಗಡಿಗೆ ಕಳೆದ ವರ್ಷ ಒಬ್ಬ ಹಿರಿಯ ಹೆಂಗಸು ಖಾಲಿ ಪೊಟ್ಟಣ ಹಿಡಿದು ಬಂದು, “ಸೊಸೆಗೆ ಕೊಟ್ಟಿದ್ದ ಪುಡಿ ಆಗೋಯ್ತಪ್ಪಾ, ಇನ್ನ ನಾಲ್ಕು ಕೊಡು” ಎಂದರು. ನಾಲ್ಕು ವಾರಕ್ಕೆಂದು ಒಯ್ದದ್ದು ನಾಲ್ಕೇ ದಿನದಲ್ಲಿ ಮುಗಿದಿತ್ತು. ಭೇದಿಗೆ ಕೊಡುವ ಓಆರ್‌ಎಸ್‌ನಂತೆ ಇದನ್ನೂ ದಿನಕ್ಕೊಂದು ಕುಡಿಸಿದ್ದರು. ಮತ್ತೆ ಪುಡಿ ಕೊಡದೆ, ಸೊಸೆಯನ್ನು ಅಂದೇ ವೈದ್ಯರ ಬಳಿಗೆ ಕರೆದೊಯ್ಯಲು ಹೇಳಿ ಕಳುಹಿಸಿದೆ.

ಮೊದಲ ಹಂತ ರಕ್ತಪರೀಕ್ಷೆ. ಚೀಟಿಯಲ್ಲಿ ‘25-ಹೈಡ್ರಾಕ್ಸಿ ವಿಟಮಿನ್ ಡಿ’ ಎಂದೇ ಇರಬೇಕು. ‘1,25’ ಎಂದು ಆರಂಭವಾಗುವುದು ಬೇರೆ ಪರೀಕ್ಷೆ. ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಕೊರತೆ ಎನ್ನುತ್ತಾರೆ.

ಎರಡನೆಯದು ಬಿಸಿಲು. ಎಳೆಬಿಸಿಲೇ ಶ್ರೇಷ್ಠವೆಂಬ ನಂಬಿಕೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ; ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ ಮಾತ್ರ ಚರ್ಮದಲ್ಲಿ ಈ ವಿಟಮಿನ್ ಚೆನ್ನಾಗಿ ತಯಾರಾಗುತ್ತದೆ. ನಮ್ಮ ಸೀಮೆಯಲ್ಲಿ ಡಿಸೆಂಬರಿನ ನಡು ಮಧ್ಯಾಹ್ನವೂ ನೆರಳು ಅಷ್ಟು ಗಿಡ್ಡವಾಗುತ್ತದೆ. ಆದರೂ ಕೊರತೆ ಏಕೆಂದರೆ, ರೇಷ್ಮೆ ನೂಲು ತೆಗೆಯುವ ಶೆಡ್ಡಿನಲ್ಲಿ, ಹುಳು ಸಾಕುವ ಮನೆಯಲ್ಲಿ ದಿನ ಕಳೆಯುವವರ ಮೈಮೇಲೆ ಆ ಬಿಸಿಲು ಬೀಳುವುದೇ ಇಲ್ಲ. ಕಿಟಕಿಯ ಗಾಜಿನ ಹಿಂದೆ ಕುಳಿತರೂ ಪ್ರಯೋಜನವಿಲ್ಲ. ಬೇಸಿಗೆಯಲ್ಲಿ ಮಾತ್ರ ಬಹಳ ಹೊತ್ತು ನಿಲ್ಲಬಾರದು.

“ದಿನಾ ಮುದ್ದೆ ತಿನ್ನುತ್ತೇವಲ್ಲ” ಎಂಬುದು ನಾನು ಹೆಚ್ಚಾಗಿ ಕೇಳುವ ಮಾತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ನಿಜ, ಆದರೆ ಆ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರಲು ಬೇಕಾದ ವಿಟಮಿನ್ ಡಿ ರಾಗಿಯಲ್ಲಿಲ್ಲ.

ಮೂರನೆಯದು ಪೊಟ್ಟಣ, ಎಲ್ಲರೂ ಎಡವುವುದು ಇಲ್ಲೇ. ಗರ್ಭಿಣಿಯರಿಗೆ ಕೆಲವು ವೈದ್ಯರು ದಿನಕ್ಕೊಂದು ಸಣ್ಣ ಮಾತ್ರೆಯನ್ನೇ ಬರೆಯುತ್ತಾರೆ, ಕೆಲವರು ವಾರಕ್ಕೊಂದು 60,000 ಯೂನಿಟ್‌ನ ಪುಡಿ ಬರೆಯುತ್ತಾರೆ. ಯಾವುದು, ಎಷ್ಟು ವಾರ ಎಂಬುದನ್ನು ಅವರೇ ಹೇಳಬೇಕು. ಗರ್ಭಿಣಿಗೆ ದಿನಕ್ಕೆ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುವುದು 600 ಯೂನಿಟ್. ಎಂದರೆ ಚಿಟಿಕೆಯಷ್ಟು ಕಾಣುವ ಆ ಪುಡಿಯಲ್ಲಿ ನೂರು ದಿನದ ಪ್ರಮಾಣ ತುಂಬಿದೆ. ಇದು ಕೊಬ್ಬಿನಲ್ಲಿ ಕರಗಿ ಮೈಯಲ್ಲೇ ಉಳಿಯುವುದರಿಂದ ಹೆಚ್ಚಾದದ್ದು ಮೂತ್ರದಲ್ಲಿ ಬೇಗ ಹೊರಹೋಗುವುದಿಲ್ಲ; ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಅತಿ ಬಾಯಾರಿಕೆ ಶುರುವಾಗುತ್ತವೆ. ಮೊದಲೆರಡನ್ನು ಬಸುರಿಯಲ್ಲಿ ಸಹಜವೆಂದು ಯಾರೂ ಗಮನಿಸುವುದಿಲ್ಲ.

ಆದ್ದರಿಂದ ಪೊಟ್ಟಣಗಳನ್ನು ಮನೆಗೆ ತಂದ ತಕ್ಷಣ ಒಂದೊಂದರ ಮೇಲೂ ಬಾಲ್‌ಪೆನ್ನಿನಲ್ಲಿ ತಾರೀಖು ಬರೆಯಿರಿ, ಗೋಡೆಯ ಕ್ಯಾಲೆಂಡರಿನಲ್ಲೂ ಅದೇ ದಿನಗಳಿಗೆ ಗುರುತು ಹಾಕಿ. ನನ್ನ ಆಯ್ಕೆ ಭಾನುವಾರ ಮಧ್ಯಾಹ್ನ, ಏಕೆಂದರೆ ಆಗ ನೆನಪಿಸಲು ಮನೆಯಲ್ಲಿ ಜನರಿರುತ್ತಾರೆ, ಇದು ಮೈಗೆ ಹತ್ತಲು ಬೇಕಾದ ಜಿಡ್ಡೂ ಊಟದಲ್ಲಿ ಇರುತ್ತದೆ. ಶನಿವಾರ ಒಪ್ಪೊತ್ತು ಮಾಡುವವರು ಆ ದಿನವನ್ನು ಆರಿಸಲೇಬಾರದು. ಊಟವಾದ ಮೇಲೆ ಅರ್ಧ ಲೋಟ ಕೆನೆ ತೆಗೆಯದ ಹಾಲಿಗೆ ಪುಡಿ ಹಾಕಿ ಕಲಸಿ ಕುಡಿದು, ತಳದಲ್ಲಿ ಅಂಟಿಕೊಂಡದ್ದನ್ನು ಇನ್ನೊಂದು ಗುಟುಕು ಹಾಲಿನಿಂದ ತೊಳೆದು ಕುಡಿಯಬೇಕು. ಒಂದು ವಾರ ಮರೆತರೆ ನೆನಪಾದ ದಿನ ಒಂದನ್ನೇ ತೆಗೆದುಕೊಳ್ಳಿ, ಎರಡನ್ನು ಕೂಡಿಸಬೇಡಿ.

“ಒಂದೇ ಸೂಜಿಗೆ ಮುಗಿಸಿಬಿಡಿ” ಎಂದು 6 ಲಕ್ಷ ಯೂನಿಟ್‌ನ ಇಂಜೆಕ್ಷನ್ ಕೇಳುವವರೂ ಇದ್ದಾರೆ. ಗರ್ಭಿಣಿಗೆಂದು ಕೇಳಿದರೆ ನಾನು ಕೊಡುವುದಿಲ್ಲ. ಚಾಕಲೇಟ್ ರುಚಿಯ ಪೌಷ್ಟಿಕ ಪುಡಿಯ ದುಬಾರಿ ಡಬ್ಬಿಗಳನ್ನು ಮಾರುತ್ತೇನಾದರೂ, ಅವುಗಳ ಲೇಬಲ್ಲಿನಲ್ಲಿ ಸಕ್ಕರೆ ಎಷ್ಟಿದೆ ಎಂದು ಮೊದಲು ಓದಿ ಎನ್ನುತ್ತೇನೆ.

ನಾಲ್ಕನೆಯದು, ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕ್ಯಾಲ್ಸಿಯಂ ಮಾತ್ರೆ. ಅದರಲ್ಲಿ 500 ಮಿಲಿಗ್ರಾಂ ಕ್ಯಾಲ್ಸಿಯಂ ಜೊತೆಗೆ 250 ಯೂನಿಟ್ ವಿಟಮಿನ್ ಡಿ ಇರುತ್ತದೆ. ಪೊಟ್ಟಣ ತೆಗೆದುಕೊಳ್ಳುವಾಗ ಇದನ್ನು ನಿಲ್ಲಿಸಬೇಕೇ ಎಂದು ವೈದ್ಯರನ್ನೇ ಕೇಳಿ, ನೀವಾಗಿ ನಿಲ್ಲಿಸಬೇಡಿ. ಬೆಳಗಿನ ತಿಂಡಿ ಮತ್ತು ಮಧ್ಯಾಹ್ನದ ಊಟದೊಂದಿಗೆ ಒಂದೊಂದು ನುಂಗಿ, ಕಬ್ಬಿಣಾಂಶದ ಕೆಂಪು ಮಾತ್ರೆಯನ್ನು ರಾತ್ರಿಗೆ ಇಟ್ಟುಕೊಳ್ಳಿ. ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಹೆರಿಗೆಯಾದ ಮೇಲೆ ಎದೆಹಾಲು ಕುಡಿಯುವ ಮಗುವಿಗೆ ದಿನಕ್ಕೆ 400 ಯೂನಿಟ್‌ನ ಡ್ರಾಪ್ಸ್ ಬರೆಯುತ್ತಾರೆ. ಒಂದು ಮಿಲಿಲೀಟರಿನಲ್ಲಿ 400 ಯೂನಿಟ್ ಇರುವ ಸೀಸೆಯೂ ಇದೆ, 800 ಇರುವ ಸೀಸೆಯೂ ಇದೆ. ಅಂಗಡಿ ಬಿಡುವ ಮುನ್ನ ಡ್ರಾಪರಿನಲ್ಲಿ ಎಲ್ಲಿಯವರೆಗೆ ಎಳೆಯಬೇಕೆಂದು ತೋರಿಸಿಕೊಳ್ಳಿ.