ಫ್ರಾನ್ಸಿನ ಸಣ್ಣ ಊರಲ್ಲಿ ಬೇಸಿಗೆಯ ಸಂತೆ: ಆತುರವಿಲ್ಲದೆ ಸುತ್ತುವುದು ಹೇಗೆ

ಆಗ್ನೇಯ ಫ್ರಾನ್ಸಿನ ಪ್ರೊವಾನ್ಸ್ ಮತ್ತು ಅದರ ಆಸುಪಾಸಿನ ಸಣ್ಣ ಊರುಗಳಲ್ಲಿ ಸಂತೆಗೆ ಗೊತ್ತಾದ ದಿನಗಳಿವೆ. ವೆಝೋನ್-ಲಾ-ರೊಮೇನ್‌ನಲ್ಲಿ ಮಂಗಳವಾರ, ಸ್ಯಾಂ-ರೆಮಿಯಲ್ಲಿ ಬುಧವಾರ, ಆಪ್ಟ್‌ನಲ್ಲಿ ಶನಿವಾರ, ಲೀಲ್-ಸ್ಯುರ್-ಲಾ-ಸೋರ್ಗ್‌ನಲ್ಲಿ ಗುರುವಾರ ಮತ್ತು ಭಾನುವಾರ. ಬೆಳಗ್ಗೆ 8ಕ್ಕೆ ಶುರುವಾದರೆ 12.30ರ ಹೊತ್ತಿಗೆ ಅಂಗಡಿಗಳನ್ನು ಬಿಚ್ಚತೊಡಗುತ್ತಾರೆ. 11ಕ್ಕೆ ಬಂದವರ ಪಾಲಿಗೆ ಉಳಿಯುವುದು ಬಿಸಿಲು ಮತ್ತು ನೂಕುನುಗ್ಗಲು. ನಿಧಾನವಾಗಿ ಸುತ್ತಬೇಕೆಂದರೆ ಬೇಗ ಏಳಲೇಬೇಕು.

ಕಾರಿನಲ್ಲಿ ಬರುವವರು 8.30ರೊಳಗೆ ಊರು ಸೇರಿ, ಹೊರವಲಯದಲ್ಲೇ ನಿಲ್ಲಿಸಿ ನಡೆದುಕೊಂಡು ಬರುವುದು ಒಳ್ಳೆಯದು. ಹಿಂದಿನ ರಾತ್ರಿಯೇ ಆ ಊರಲ್ಲಿ ತಂಗಿದ್ದರೆ ಚೌಕದ ಫಲಕ ಓದದೆ ಮಲಗಬೇಡಿ. ಸಂತೆಯ ದಿನ ನಸುಕಿನಿಂದಲೇ ಅಲ್ಲಿ ವಾಹನ ನಿಷಿದ್ಧ. ನಿಂತ ಕಾರನ್ನು ಎಳೆದೊಯ್ಯುತ್ತಾರೆ, ದಂಡವನ್ನೂ ಹಾಕುತ್ತಾರೆ.

ಗಟ್ಟಿಯಾದ ಎರಡು ಬಟ್ಟೆ ಚೀಲ, ಐಸ್ ಪ್ಯಾಕ್ ಇಟ್ಟ ಒಂದು ತಂಪುಚೀಲ, 5 ಮತ್ತು 10 ಯೂರೋ ನೋಟು, ಒಂದಿಷ್ಟು ಚಿಲ್ಲರೆ ಜೊತೆಗಿರಲಿ. ತೆಳು ಪ್ಲಾಸ್ಟಿಕ್ ಚೀಲ ಕೊಡುವುದನ್ನು 2016-17ರಲ್ಲೇ ನಿಷೇಧಿಸಿದ್ದಾರೆ. ಕಾರ್ಡು ಹಲವೆಡೆ ನಡೆಯುತ್ತದೆ, ಆದರೆ ಎರಡು ಯೂರೋ ಬದನೆಕಾಯಿಗೆ ಕಾರ್ಡು ಚಾಚಿದರೆ ಮುಖ ಸಿಂಡರಿಸುವವರೂ ಇದ್ದಾರೆ.

ಮೊದಲ ಸುತ್ತಿನಲ್ಲಿ ಏನನ್ನೂ ಕೊಳ್ಳದೆ ಬರೀ ನೋಡಿ. ಇದಕ್ಕೆ ಒಂದೇ ಅಪವಾದ ಸುಟ್ಟ ಕೋಳಿ, ಅಂದರೆ 'ಪುಲೆ ರೋತಿ'. ಬೇಗ ಮುಗಿದುಹೋಗುವ ಮಾಲು ಅದು. ಬೆಳಗ್ಗೆಯೇ ಹೆಸರು ಹೇಳಿ ಕಾಯ್ದಿರಿಸಿ, ಹೊರಡುವಾಗ ಒಯ್ಯಿರಿ. ಕೆಳಗಿನ ತಟ್ಟೆಯಲ್ಲಿ ಕೋಳಿಯ ಜಿಡ್ಡು ಹೀರುತ್ತ ಬೆಂದ ಆಲೂಗಡ್ಡೆಯನ್ನೂ ಕೇಳಿ.

ರೈತ ಯಾರು, ಮರುಮಾರಾಟಗಾರ ಯಾರು ಎಂದು ಗುರುತಿಸುವುದೇ ಈ ಸುತ್ತಿನ ಉದ್ದೇಶ. ಬಾಳೆಹಣ್ಣು, ಅನಾನಸ್ ಕಂಡರೆ ಅದು ಸಗಟು ಮಂಡಿಯ ಮಾಲು. ನಾಲ್ಕೈದೇ ಬಗೆಯ ತರಕಾರಿ, ಒಂದೊಂದು ಒಂದೊಂದು ಗಾತ್ರ, ಮೇಲೆ 'ಪ್ರೊದ್ಯುಕ್ತರ್' (ಬೆಳೆಗಾರ) ಎಂಬ ಬರಹ ಇದ್ದರೆ ಬೆಳೆದವರೇ ಮಾರುತ್ತಿರುವ ಸಾಧ್ಯತೆ ಹೆಚ್ಚು. ಬೆಲೆಚೀಟಿಯಲ್ಲಿ ಹಣ್ಣು ಬೆಳೆದ ದೇಶದ ಹೆಸರು ಕಡ್ಡಾಯ. ಅಲ್ಲಿನ ಹಣ್ಣಿನ ಕಾಲವಾದ ಜುಲೈ ತಿಂಗಳಲ್ಲೂ ಏಪ್ರಿಕಾಟ್ ಮೇಲೆ 'ಎಸ್ಪಾಞ್' (ಸ್ಪೇನ್) ಎಂದಿದ್ದರೆ ಮುಂದೆ ಹೋಗಿ.

ಮಾತು ಶುರುವಾಗುವುದು 'ಬೊಂಜೂರ್'ನಿಂದ (ನಮಸ್ಕಾರ). ಅದನ್ನು ಹೇಳದೆ ನೇರವಾಗಿ ಬೆಲೆ ಕೇಳುವುದು ಒರಟುತನ, ಉತ್ತರವೂ ಹಾಗೇ ಬರುತ್ತದೆ. ತಟ್ಟೆಯನ್ನು ಅವರೇ ಕೈಗೆ ಕೊಟ್ಟರೆ ಆರಿಸಿ, ಇಲ್ಲದಿದ್ದರೆ ಹಣ್ಣು ಮುಟ್ಟಬೇಡಿ. ಆಹಾರಕ್ಕೆ ಚೌಕಾಸಿ ಇಲ್ಲ; ಹಳೆ ಸಾಮಾನಿನ ಅಂಗಡಿಗಳಲ್ಲಿ ಮಾತ್ರ ನಯವಾಗಿ ಕೇಳಿ ನೋಡಬಹುದು. 'ಯೂನ್ ಲೀವ್ರ್' ಎಂದರೆ ಅರ್ಧ ಕಿಲೋ.

ಬೇಸಿಗೆಯ ರಾಜ ಕವಾಯಾನ್ ಊರಿನ ಕರಬೂಜ. ಗಾತ್ರಕ್ಕಿಂತ ಭಾರ ಹೆಚ್ಚೆನಿಸಬೇಕು, ತೊಟ್ಟಿನ ಸುತ್ತ ಸಣ್ಣ ಬಿರುಕು ಬಿಟ್ಟಿರಬೇಕು. ದೂರಕ್ಕೇ ಘಮ್ಮೆಂದರೆ ಹಣ್ಣು ಮೀರಿದೆ. ಇಷ್ಟೆಲ್ಲ ಲೆಕ್ಕ ಬೇಡವೆಂದರೆ ಯಾವಾಗ ತಿನ್ನುತ್ತೀರಿ ಎಂದು ಹೇಳಿ: 'ಪೂರ್ ಮಿದಿ' (ಮಧ್ಯಾಹ್ನಕ್ಕೆ), 'ಪೂರ್ ದ್ಮ್ಯಾಂ' (ನಾಳೆಗೆ). ಮಾರುವವರು ಅದಕ್ಕೆ ತಕ್ಕ ಹಣ್ಣು ಆರಿಸಿ ಕೊಡುತ್ತಾರೆ. ಪೀಚ್ ಹಣ್ಣಿಗೂ ಇದೇ ಉಪಾಯ.

ಚೀಸ್ ಕೊನೆಗೆ. ಆಡಿನ ಹಾಲಿನ ಚೀಸ್ ಮೂರು ಹದದಲ್ಲಿ ಸಿಗುತ್ತದೆ: 'ಫ್ರೇ' ಮೆತ್ತಗೆ, ಮೊಸರಿನ ಹುಳಿ, 'ಸೆಕ್' ಒಣಗಿ ಖಾರ, ಮೊದಲ ಸಲ ಕೊಳ್ಳುವವರಿಗೆ ನಡುವಿನ 'ಮಿ-ಸೆಕ್' ಸರಿ. ದೊಡ್ಡ ಚಕ್ರದಿಂದ ಕತ್ತರಿಸುವ ಚೀಸ್ ಆದರೆ ಚಾಕು ಇಟ್ಟು 'ಇಷ್ಟು ಸಾಕೇ?' ಎನ್ನುತ್ತಾರೆ. ಸುಮ್ಮನೆ ತಲೆಯಾಡಿಸಿದರೆ ತೂಕ ಸುಲಭವಾಗಿ 400 ಗ್ರಾಂ ದಾಟುತ್ತದೆ. ಇಬ್ಬರಿಗೆ 150 ಗ್ರಾಂ ಸಾಕು. ಕೊಟ್ಟ ಕಾಗದದಲ್ಲೇ ಇಡಿ, ಪ್ಲಾಸ್ಟಿಕ್‌ನಲ್ಲಿ ಬೆವರುತ್ತದೆ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಸಾಂಪ್ರದಾಯಿಕ ಫ್ರೆಂಚ್ ಚೀಸ್‌ಗಳಲ್ಲಿ ಹಾಲು ಒಡೆಸಲು ಹೆಚ್ಚಾಗಿ ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಕಪ್ಪು ಆಲಿವ್ ಚಟ್ನಿಯಂತೆ ಕಾಣುವ ತಾಪೆನಾದ್‌ನಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನಿರುತ್ತದೆ, ಫುಗಾಸ್ ರೊಟ್ಟಿಯೊಳಗೆ ಹಂದಿಮಾಂಸದ ಚೂರು ಅಡಗಿರಬಹುದು. ಕೇಳಿಯೇ ಕೊಳ್ಳಿ.

ಉಡುಗೊರೆಗೆ ಮಾರ್ಸೇ ಸಾಬೂನು ಬೇಕಿದ್ದರೆ ಎಣ್ಣೆಯಂಶ ಸೂಚಿಸುವ '72 %' ಮುದ್ರೆಯ ಸಾದಾ ಚೌಕ ತೆಗೆದುಕೊಳ್ಳಿ, ಜೊತೆಗೆ ಪದಾರ್ಥಗಳ ಪಟ್ಟಿ ಓದಿ; ಹಳೆ ಪದ್ಧತಿಯದರಲ್ಲಿ ಬಣ್ಣವೂ ಇಲ್ಲ, ಸುಗಂಧವೂ ಇಲ್ಲ. ಲ್ಯಾವೆಂಡರ್ ಎಣ್ಣೆಯ ಸೀಸೆಯ ಮೇಲೆ 'ಲವಾಂಡಿನ್' ಎಂದಿದ್ದರೆ ಅದು ಕರ್ಪೂರದ ಘಾಟಿನ ಅಗ್ಗದ ಮಿಶ್ರತಳಿ. ಬಟ್ಟೆ ಕಪಾಟಿಗೆ ಅದೇ ಸಾಕು.

ಹೋಟೆಲಿನಲ್ಲಿ ಉಣ್ಣುವುದಾದರೆ 12.30ಕ್ಕೇ ಕುಳಿತುಬಿಡಿ, ಅನೇಕ ಕಡೆ 2 ಗಂಟೆಗೆ ಅಡುಗೆಮನೆ ಮುಚ್ಚುತ್ತದೆ. 'ಯೂನ್ ಕರಾಫ್ ದೋ' (ಒಂದು ಹೂಜಿ ನೀರು) ಎಂದು ಕೇಳಿದರೆ ಊಟದ ಜೊತೆಗೆ ನಲ್ಲಿನೀರು ಪುಕ್ಕಟೆ. ನೆರಳಿನ ಬೆಂಚೇ ಸಾಕೆನ್ನುವ ಇಬ್ಬರಿಗೆ ಒಂದು 'ತ್ರಾದಿಸ್ಯೊಂ' ಬಗೆಟ್ (ಸಾಂಪ್ರದಾಯಿಕ ಉದ್ದನೆಯ ಬ್ರೆಡ್), ಎರಡು ಆಡಿನ ಚೀಸ್, ಅರ್ಧ ಕಿಲೋ ಟೊಮೆಟೊ, 100 ಗ್ರಾಂ ಆಲಿವ್, ಒಂದು ಕರಬೂಜ, ಚಾಕು. ಚೀಸನ್ನು ತಿನ್ನುವ ಅರ್ಧ ಗಂಟೆ ಮೊದಲೇ ತಂಪುಚೀಲದಿಂದ ಹೊರತೆಗೆಯಿರಿ, ಇಲ್ಲದಿದ್ದರೆ ರುಚಿಯೇ ಗೊತ್ತಾಗದು.