ಕಥೆಯ ದಾರಿಹೋಕ ದಿನಕ್ಕೆ ಎಷ್ಟು ದೂರ ನಡೆಯಬಹುದು?

ಕೋಟೆ, ಕುದುರೆ, ಕಾಡುಗಳ ಕಾಲ್ಪನಿಕ ರಾಜ್ಯ ಕಟ್ಟಿ ಕಥೆ ಬರೆಯುತ್ತಿದ್ದೀರಾ? ಹಾಗಾದರೆ ಪಯಣದ ದಿನಗಳನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. ಮುತ್ತಿಗೆ, ಮದುವೆ, ಸಾವಿನ ಸುದ್ದಿ ಎಲ್ಲವೂ ಅದರ ಮೇಲೆ ನಿಂತಿರುತ್ತವೆ. ಅಭ್ಯಾಸಕ್ಕೆ ಒಂದು ನಿಜವಾದ ದಾರಿ ಹಿಡಿಯೋಣ: ಭಟ್ಕಳದಿಂದ ಹಂಪಿಗೆ. ವಿಜಯನಗರದ ಕಾಲದಲ್ಲಿ ಹಡಗಿನಿಂದ ಭಟ್ಕಳದಲ್ಲಿ ಇಳಿದ ಕುದುರೆಗಳು ಘಟ್ಟ ಹತ್ತಿ ರಾಜಧಾನಿಗೆ ಹೋಗುತ್ತಿದ್ದವು. ದೂರ ಸುಮಾರು 300 ಕಿ.ಮೀ. ಎಂದಿಟ್ಟುಕೊಳ್ಳಿ.

ಮೊದಲು ನಡೆಯುವ ಗಂಟೆಗಳನ್ನು ಎಣಿಸಿ. ಗಟ್ಟಿಮುಟ್ಟಾದ ಮನುಷ್ಯ ಸಮತಟ್ಟು ದಾರಿಯಲ್ಲಿ ಗಂಟೆಗೆ 4ರಿಂದ 5 ಕಿ.ಮೀ. ನಡೆಯುತ್ತಾನೆ. ಹಗಲು ಹನ್ನೆರಡು ಗಂಟೆ ಇದೆಯಲ್ಲ ಅಂತ ಸುಮ್ನೆ ಗುಣಿಸಬೇಡಿ. ನೀರು ತರಬೇಕು, ಸೌದೆ ಆಯಬೇಕು, ಒಲೆ ಹೂಡಿ ಬೇಯಿಸಬೇಕು. ನಡು ಮಧ್ಯಾಹ್ನ ಮರದಡಿ ಕೂರಬೇಕು. ಕತ್ತಲಾಗುವ ಮೊದಲು ಮಲಗುವ ಜಾಗ ಹುಡುಕಬೇಕು. ನಡಿಗೆಗೆ ಉಳಿಯುವುದು ಐದಾರು ಗಂಟೆ. ಅಂದರೆ ದಿನಕ್ಕೆ 25 ಕಿ.ಮೀ., ಹಳ್ಳಿಯ ಹಿರಿಯರ ಲೆಕ್ಕದಲ್ಲಿ ಹೆಚ್ಚುಕಡಿಮೆ ಐದು ಹರದಾರಿ. ಜೀವ ಉಳಿಸಿಕೊಳ್ಳಲು ಒಂದು ದಿನ 50 ಕಿ.ಮೀ. ನಡೆಸಬಹುದು, ಆದರೆ ಮರುದಿನ ಅವನ ಕಾಲು ಏಳುವುದಿಲ್ಲ. ದಾರಿಯಲ್ಲಿ ಊಟ ಹಾಕುವ ಛತ್ರವಿದ್ದರೆ ಒಂದು ಗಂಟೆ ಜಾಸ್ತಿ ಕೊಡಿ.

ಇನ್ನು ಏರು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಒಂದು ಸೂತ್ರ ಕೊಟ್ಟರು: ಸುಮಾರು 600 ಮೀಟರ್ ಏರಿದರೆ ಒಂದು ಗಂಟೆ ಸೇರಿಸಿ. ಅದು ಚುರುಕಾಗಿ ಬೆಟ್ಟ ಹತ್ತುವವರ ಲೆಕ್ಕ. ಜಾರುವ ಕಾಡುದಾರಿಯಲ್ಲಿ ಹೊರೆ ಹೊತ್ತವರಿಗೆ ಸಾಲುವುದಿಲ್ಲ. ಘಟ್ಟಕ್ಕೆ ಒಂದು ದಿನ ಪೂರ್ತಿ ಬಿಡಿ.

ಜೊತೆಗೆ ಯಾರಿದ್ದಾರೆ ಅನ್ನುವುದನ್ನೇ ಬರಹಗಾರರು ಮರೆಯುವುದು. ಗುಂಪು ಸಾಗುವುದು ಎಲ್ಲರಿಗಿಂತ ನಿಧಾನ ನಡೆಯುವವರ ವೇಗದಲ್ಲಿ. ಹೇರೆತ್ತುಗಳು ಮೇಯಬೇಕು, ಅವುಗಳನ್ನು ದಿನಕ್ಕೆ 15 ಕಿ.ಮೀ. ದಾಟಿಸಬೇಡಿ. ಒಂಟಿ ಸವಾರ 40-50 ಕಿ.ಮೀ. ಹೋದಾನು, ಆದರೆ ಒಂದೇ ಕುದುರೆಯನ್ನು ದಿನಗಟ್ಟಲೆ ನಾಗಾಲೋಟದಲ್ಲಿ ಓಡಿಸಿದರೆ ಅದು ಸಾಯುತ್ತದೆ. ಸೈನ್ಯಕ್ಕೆ ಕೌಟಿಲ್ಯನ ಅರ್ಥಶಾಸ್ತ್ರ ನೋಡಿ: ದಿನಕ್ಕೆ ಒಂದು ಯೋಜನ (ಹಳೆಯ ಕಾಲದ ದೂರದ ಅಳತೆ) ಸಾಗಿದರೆ ಅಧಮ, ಒಂದೂವರೆ ಮಧ್ಯಮ, ಎರಡು ಉತ್ತಮ. ಎಷ್ಟೇ ಒಳ್ಳೆಯ ಪಡೆಯೂ ಕೆಟ್ಟ ಪಡೆಯ ಎರಡರಷ್ಟು ಮಾತ್ರ ಸಾಗುತ್ತದೆ ಅಲ್ವಾ? ಈ ಅನುಪಾತವನ್ನು ನಿಮ್ಮ ರಾಜ್ಯಕ್ಕೂ ಧಾರಾಳವಾಗಿ ಬಳಸಿ.

ಮಳೆಗಾಲವಾದರೆ ಲೆಕ್ಕವೇ ಬೇರೆ. ತುಂಗಭದ್ರೆ ಉಕ್ಕಿ ಹರಿಯುವಾಗ ಹರಿಗೋಲು ಬಿಡುವುದಿಲ್ಲ. ದಡದಲ್ಲೇ ದಿನಗಟ್ಟಲೆ ಕಾಯಿಸಿ. ಕಥೆಗೆ ಅದು ಲಾಭವೇ, ಜಗಳ, ಗೆಳೆತನ, ಕಳ್ಳತನ ಎಲ್ಲಕ್ಕೂ ಅಲ್ಲಿ ಪುರುಸೊತ್ತು ಇರುತ್ತದೆ.

ಈಗ ಕೂಡಿಸಿ. ಒಣ ಹವೆಯಲ್ಲಿ ಒಂಟಿ ನಡಿಗೆಯವನಿಗೆ 12 ದಿನ, ಘಟ್ಟಕ್ಕೆ ಒಂದು, ವಿಶ್ರಾಂತಿಗೆ ಎರಡು: ಒಟ್ಟು 15. ಹೇರೆತ್ತಿನ ಸಾಲಿಗೆ ನಡಿಗೆಯೇ 20 ದಿನ, ಉಳಿದದ್ದು ಸೇರಿ 23 ಆದೀತು. ತಂಗುವ ಜಾಗಗಳನ್ನು ನಿಮ್ಮ ನಕ್ಷೆಯಲ್ಲಿ ಗುರುತಿಸಿ, ಪಕ್ಕದಲ್ಲಿ ತಿಥಿ ಬರೆದಿಡಿ. ಬೆಳದಿಂಗಳಲ್ಲಿ ನಡೆಸಬಹುದಾದ ರಾತ್ರಿಗಳು ಯಾವುವು ಅಂತಲೂ ಆಗ ತಿಳಿಯುತ್ತದೆ.