ಕನ್ನಡ ಪುಸ್ತಕ ಓದಲು ಇ-ರೀಡರೋ, ಟ್ಯಾಬೋ? ಕೊಳ್ಳುವ ಮುನ್ನ ಹೀಗೆ ಮಾಡಿ

ಓದುವುದಕ್ಕೆಂದೇ ಒಂದು ಸಾಧನ ಕೊಳ್ಳಲು ಹೊರಟವರು ಮೊದಲು ಬೆಲೆ ನೋಡುತ್ತಾರೆ, ಆಮೇಲೆ ಪರದೆ, ಆಮೇಲೆ ಬ್ಯಾಟರಿ. ಇಂಗ್ಲಿಷ್ ಕಾದಂಬರಿ, ಆತ್ಮಕತೆ ಓದುವವರಿಗೆ ಅಷ್ಟು ಸಾಕು. ಅವರು ಆರೇಳು ಇಂಚಿನ ಸರಳ ಇ-ರೀಡರ್ ತೆಗೆದುಕೊಂಡು ಈ ಲೇಖನವನ್ನು ಇಲ್ಲಿಗೇ ಬಿಡಬಹುದು.

ಕನ್ನಡ ಓದುವವರ ಪಾಡು ಬೇರೆ. 2016ರ ಡಿಸೆಂಬರ್‌ನಲ್ಲಿ ಅಮೆಜಾನ್ ತನ್ನ ಇ-ರೀಡರ್ ಆದ ಕಿಂಡಲ್‌ಗೆ ಭಾರತೀಯ ಭಾಷೆಗಳ ಪುಸ್ತಕಗಳನ್ನು ತಂದಾಗ ಪಟ್ಟಿಯಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ ಇದ್ದವು. ಕನ್ನಡ ಇರಲಿಲ್ಲ. ನಮ್ಮ ಇ-ಪುಸ್ತಕಗಳು ಬೆಳೆದದ್ದು ಹೆಚ್ಚಾಗಿ ಮೊಬೈಲ್ ಆ್ಯಪ್‌ಗಳಲ್ಲಿ, ಉಚಿತ ಜಾಲತಾಣಗಳಲ್ಲಿ, ಹಳೆಯ ಪುಸ್ತಕಗಳ ಸ್ಕ್ಯಾನ್‌ಗಳಲ್ಲಿ. ಆದ್ದರಿಂದ ಕನ್ನಡ ಓದುಗರು ಮೊದಲು ಪುಸ್ತಕ ಎಲ್ಲಿದೆ, ಯಾವ ರೂಪದಲ್ಲಿದೆ ಎಂದು ನೋಡಿಕೊಂಡು, ಆಮೇಲೆ ಸಾಧನದ ಕಡೆ ತಿರುಗುವುದು ಒಳ್ಳೆಯದು.

1. ಮುಂದೆ ಓದಬೇಕೆಂದಿರುವ ಹತ್ತು ಪುಸ್ತಕ ಬರೆಯಿರಿ

ಕಾಗದದ ಮೇಲೆ ಹತ್ತು ಹೆಸರು ಬರೆದು, ಪ್ರತಿಯೊಂದೂ ಎಲ್ಲಿ ಸಿಗುತ್ತದೆ ಎಂದು ಹುಡುಕಿ. ಹೊಸ ಲೇಖಕರ ಪುಸ್ತಕಗಳಾದರೆ ಮೈಲ್ಯಾಂಗ್, ಋತುಮಾನದಂಥ ಕನ್ನಡ ಆ್ಯಪ್‌ಗಳಲ್ಲೋ ಗೂಗಲ್ ಪ್ಲೇ ಬುಕ್ಸ್‌ನಲ್ಲೋ ಸಿಗುವ ಸಾಧ್ಯತೆ ಹೆಚ್ಚು. ಆ್ಯಪ್‌ನಲ್ಲಿ ಕೊಂಡ ಪುಸ್ತಕ ಸಾಮಾನ್ಯವಾಗಿ ಆಯಾ ಆ್ಯಪ್‌ನ ಒಳಗೇ ತೆರೆದುಕೊಳ್ಳುತ್ತದೆ. ಕಿಂಡಲ್‌ಗೆ ವರ್ಗಾಯಿಸಲು ಬರುವುದಿಲ್ಲ.

ಹಳೆಯ ಪುಸ್ತಕಗಳದ್ದು ಇನ್ನೊಂದು ಕತೆ. ನಮ್ಮ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡ ವರ್ಷದ ನಂತರ 60 ವರ್ಷ ಕಳೆದರೆ ಕೃತಿಸ್ವಾಮ್ಯ ಮುಗಿಯುತ್ತದೆ. 1963ರಲ್ಲಿ ತೀರಿಕೊಂಡ ಎಂ. ಗೋವಿಂದ ಪೈ ಅವರ ಬರಹಗಳು 2024ರ ಜನವರಿ 1ರಿಂದ ಎಲ್ಲರ ಸ್ವತ್ತಾದವು. ಇಂಥವು ಉಚಿತ ಪುಸ್ತಕಗಳ ಜಾಲತಾಣವಾದ ಕನ್ನಡ ವಿಕಿಸೋರ್ಸ್‌ನಲ್ಲಿ ಬೆರಳಚ್ಚಾಗಿದ್ದರೆ ಅಲ್ಲಿಂದಲೇ ಇಪಬ್ (ಅಕ್ಷರದ ಗಾತ್ರ ಬದಲಿಸಬಹುದಾದ ಇ-ಪುಸ್ತಕದ ಕಡತ) ಆಗಿ ಇಳಿಸಿಕೊಳ್ಳಬಹುದು. ಇಂಟರ್ನೆಟ್ ಆರ್ಕೈವ್‌ನಲ್ಲಂತೂ ಹಳೆಯ ಕನ್ನಡ ಪುಸ್ತಕಗಳ ದೊಡ್ಡ ರಾಶಿಯೇ ಇದೆ, ಆದರೆ ಅಲ್ಲಿರುವುದು ಪುಟಗಳ ಫೋಟೊ, ಅಂದರೆ ಸ್ಕ್ಯಾನ್ ಪಿಡಿಎಫ್.

ಹತ್ತರಲ್ಲಿ ಏಳು ಆ್ಯಪ್‌ನಲ್ಲಿದ್ದರೆ ಉತ್ತರ ಸಿಕ್ಕಿಬಿಟ್ಟಿತು: ನಿಮಗೆ ಬೇಕಿರುವುದು ಆಂಡ್ರಾಯ್ಡ್ ಇರುವ ಸಾಧನ. ಅದು ನಿಮ್ಮ ಕೈಯಲ್ಲಿರುವ ಫೋನೇ ಆಗಿರಬಹುದು.

2. ಒಂದು ಕಾಗದ ಕತ್ತರಿಸಿ

ಪಟ್ಟಿಯಲ್ಲಿ ಸ್ಕ್ಯಾನ್ ಪಿಡಿಎಫ್‌ಗಳು ಇದ್ದವರು ಇದನ್ನು ತಪ್ಪದೆ ಮಾಡಿ. ಆರು ಇಂಚಿನ ಇ-ರೀಡರ್ ಎಂದಾಗ ಆ ಆರು ಇಂಚು ಮೂಲೆಯಿಂದ ಮೂಲೆಗೆ. ಓದಲು ಸಿಗುವ ಜಾಗ ಸುಮಾರು 9 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರ. ಅಷ್ಟಳತೆಯ ಕಾಗದ ಕತ್ತರಿಸಿ ಮನೆಯಲ್ಲಿರುವ ಯಾವುದಾದರೂ ಡೆಮಿ 1/8 ಆಕಾರದ (ಸಾಮಾನ್ಯ ಕಾದಂಬರಿಯ ಗಾತ್ರದ) ಪುಸ್ತಕದ ಪುಟದ ಮೇಲೆ ಇಡಿ. ಪುಟ ಹೆಚ್ಚುಕಡಿಮೆ 14 ಸೆಂ.ಮೀ. ಅಗಲ, 21.5 ಸೆಂ.ಮೀ. ಎತ್ತರ ಇರುತ್ತದೆ. ಇಡೀ ಪುಟವನ್ನು ಆ ಪರದೆಗೆ ಹಿಡಿಸಬೇಕಾದರೆ ಅರ್ಧಕ್ಕಿಂತ ತುಸು ಹೆಚ್ಚಿನ ಗಾತ್ರಕ್ಕೆ ಕುಗ್ಗಿಸಬೇಕು. 12 ಪಾಯಿಂಟ್ ಅಕ್ಷರ 7 ಪಾಯಿಂಟ್ ಆಗುತ್ತದೆ. ಇಂಗ್ಲಿಷ್ ಅಕ್ಷರ ಅಷ್ಟು ಸಣ್ಣದಾದರೂ ಹೇಗೋ ಓದಿಸಿಕೊಳ್ಳುತ್ತದೆ. ಕನ್ನಡದಲ್ಲಿ ಮೊದಲು ಹಾಳಾಗುವುದು ಒತ್ತಕ್ಷರ. ಹಳೆಯ ಮುದ್ರಣ, ಮಸುಕು ಸ್ಕ್ಯಾನ್ ಆದರೆ ತ ಒತ್ತೋ ನ ಒತ್ತೋ ಊಹಿಸಿಕೊಂಡೇ ಓದಬೇಕು.

11 ಇಂಚಿನ ಟ್ಯಾಬ್‌ನ ಪರದೆ ಸುಮಾರು 15 ಸೆಂ.ಮೀ. ಅಗಲ, 23 ಸೆಂ.ಮೀ. ಎತ್ತರ ಇರುತ್ತದೆ. ಅದೇ ಪುಟ ಅಲ್ಲಿ ಇದ್ದ ಗಾತ್ರದಲ್ಲೇ ಕೂರುತ್ತದೆ. ಸ್ಕ್ಯಾನ್ ಓದುವವರು, ಸಂಶೋಧನೆ ಮಾಡುವವರು, ಹಳಗನ್ನಡ ಪಾಠ ಮಾಡುವ ಮೇಷ್ಟ್ರುಗಳು ಸಣ್ಣ ಇ-ರೀಡರ್ ಆಸೆ ಬಿಟ್ಟು ನೇರವಾಗಿ ಟ್ಯಾಬ್‌ಗೆ ಹೋಗುವುದು ಲೇಸು. ಅಂಚಿನ ಬಿಳಿ ಜಾಗ ಕತ್ತರಿಸುವುದು, ಪುಟವನ್ನು ಅಡ್ಡಲಾಗಿ ತಿರುಗಿಸಿ ಅರ್ಧರ್ಧ ಓದುವುದು ಮುಂತಾದ ಉಪಾಯಗಳಿವೆ. ಹತ್ತು ಪುಟಕ್ಕೆ ಪರವಾಗಿಲ್ಲ, ಮುನ್ನೂರು ಪುಟಕ್ಕೆ ಆಗದು.

3. ಕಣ್ಣಿನ ಲೆಕ್ಕ ಹಾಕಿ

ಇ-ರೀಡರ್‌ನ ಇ-ಇಂಕ್ ಪರದೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಹುಟ್ಟಿದ್ದು. 1997ರಲ್ಲಿ ಅದಕ್ಕೊಂದು ಕಂಪನಿಯಾಯಿತು. ಕೂದಲೆಳೆಯಷ್ಟು ಸಣ್ಣ ಗುಳಿಗೆಗಳೊಳಗೆ ಕಪ್ಪು, ಬಿಳಿ ಬಣ್ಣದ ಕಣಗಳು. ಕರೆಂಟು ಹಾಯಿಸಿದಾಗ ಕಪ್ಪು ಕಣ ಮೇಲೆ ಬಂದರೆ ಅಕ್ಷರ, ಬಿಳಿ ಬಂದರೆ ಕಾಗದ. ಪುಟ ಮೂಡಿದ ಮೇಲೆ ಅದನ್ನು ಉಳಿಸಿಕೊಳ್ಳಲು ಕರೆಂಟು ಬೇಡ. ವಾರಗಟ್ಟಲೆ ಚಾರ್ಜ್ ನಿಲ್ಲುವ ಗುಟ್ಟು ಇದೇ. ಪರದೆ ಹೊರಗಿನ ಬೆಳಕನ್ನು ಪ್ರತಿಫಲಿಸುವುದರಿಂದ ಮಧ್ಯಾಹ್ನದ ಬಿಸಿಲಲ್ಲಿ ಜಗಲಿಯ ಮೇಲೆ ಕೂತು ಓದಬಹುದು. ಟ್ಯಾಬ್‌ನಲ್ಲಿ ಅದೇ ಹೊತ್ತಿಗೆ ನಿಮ್ಮ ಮುಖವೇ ಕಾಣುತ್ತದೆ.

ಕೈಯ ಲೆಕ್ಕವೂ ಇದೆ. ಆರು ಇಂಚಿನ ಕಿಂಡಲ್ 158 ಗ್ರಾಂ ತೂಗುತ್ತದೆ. ಹತ್ತನೇ ತಲೆಮಾರಿನ ಐಪ್ಯಾಡ್ 477 ಗ್ರಾಂ. ಮಲಗಿಕೊಂಡು ಓದುವವರಿಗೆ ನಿದ್ದೆಯ ಜೊಂಪು ಹತ್ತಿದಾಗ ಯಾವುದು ಮೂಗಿನ ಮೇಲೆ ಬಿದ್ದರೆ ವಾಸಿ ಎಂದು ಹೇಳಬೇಕಿಲ್ಲ.

ರಾತ್ರಿ ಓದಿನ ಬಗ್ಗೆ ಒಂದು ಮಾತು. ಮಲಗುವ ಮುನ್ನ ಟ್ಯಾಬ್‌ನಲ್ಲಿ ಓದಿದರೆ ನಿದ್ದೆ ತಡವಾಗುತ್ತದೆ ಎನ್ನುವವರು ಬೊಟ್ಟು ಮಾಡುವುದು 2014ರ ಹಾರ್ವರ್ಡ್ ಅಧ್ಯಯನದ ಕಡೆಗೆ. ಅದರಲ್ಲಿದ್ದವರು 12 ಜನ. ಮಲಗುವ ಮುಂಚೆ ನಾಲ್ಕು ಗಂಟೆ ಓದುತ್ತಿದ್ದರು, ಐಪ್ಯಾಡ್‌ನ ಬೆಳಕು ಪೂರ್ತಿ ಏರಿಸಲಾಗಿತ್ತು. ನಿದ್ದೆ ಹತ್ತಲು ಅಚ್ಚಿನ ಪುಸ್ತಕಕ್ಕಿಂತ ಸುಮಾರು 10 ನಿಮಿಷ ಹೆಚ್ಚು ಹಿಡಿಯಿತು. ಬೆಳಕು ತಗ್ಗಿಸಿ ಅರ್ಧ ಗಂಟೆ ಓದುವವರು ಇದಕ್ಕೆ ಹೆದರಿ ಹೊಸ ಸಾಧನ ಕೊಳ್ಳಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

4. ಒತ್ತಕ್ಷರದ ಪರೀಕ್ಷೆ

ಇ-ರೀಡರ್ ಎಂದು ತೀರ್ಮಾನಿಸಿದಿರಾ? ಕೊಳ್ಳುವ ಮೊದಲೇ ಒಂದು ಪರೀಕ್ಷಾ ಕಡತ ಮಾಡಿಟ್ಟುಕೊಳ್ಳಿ. ವರ್ಡ್‌ನಲ್ಲಿ ಯೂನಿಕೋಡ್‌ನಲ್ಲಿ (ಫೋನು, ಜಾಲತಾಣಗಳೆಲ್ಲ ಬಳಸುವ ಅಕ್ಷರ ಸಂಕೇತ) ಈ ಪದಗಳನ್ನು ಬರೆಯಿರಿ: ಲಕ್ಷ್ಮಿ, ರಾಷ್ಟ್ರ, ಸ್ತ್ರೀ, ಸೂರ್ಯ, ಸ್ವಾತಂತ್ರ್ಯ, ವಾಙ್ಮಯ. ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಇಪಬ್ ಮಾಡಿ. (ಕೋವಿದ್ ಗೋಯಲ್ 2006ರಲ್ಲಿ ಶುರುಮಾಡಿದ ಈ ತಂತ್ರಾಂಶ ಇಲ್ಲದೆ ಇ-ಪುಸ್ತಕದ ಹುಚ್ಚಿರುವವರ ಕೆಲಸ ನಡೆಯುವುದಿಲ್ಲ.) ಪರಿಚಯದವರ ಇ-ರೀಡರ್‌ಗೆ ಹಾಕಿ ನೋಡಿ. ಒತ್ತುಗಳು ಕೆಳಗೆ ಇಳಿಯದೆ ಅರ್ಧಾಕ್ಷರವಾಗಿ ಪಕ್ಕಪಕ್ಕ ನಿಂತರೆ, ಅರ್ಕಾವತ್ತು ಜಾಗ ತಪ್ಪಿದರೆ, ಆ ಸಾಧನ ಕನ್ನಡಕ್ಕಲ್ಲ. ಪರಿಚಯದವರಲ್ಲಿ ಇಲ್ಲವಾದರೆ ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ನಿಮ್ಮದರಲ್ಲೇ ನೋಡಿ.

ಅಕ್ಷರ ಸರಿ ಬಂದು ಫಾಂಟ್ ಮಾತ್ರ ಹಿಡಿಸದಿದ್ದರೆ ಚಿಂತೆಯಿಲ್ಲ. ನೋಟೋ ಸೆರಿಫ್ ಕನ್ನಡ, ಗುಬ್ಬಿ, ನವಿಲು ಇವೆಲ್ಲ ಉಚಿತ. ಕಿಂಡಲ್‌ನಲ್ಲಿ 2018ರಿಂದ ನಮ್ಮದೇ ಫಾಂಟ್ ಹಾಕಿಕೊಳ್ಳುವ ಸೌಲಭ್ಯ ಇದೆ: ಯುಎಸ್‌ಬಿಯಲ್ಲಿ ಜೋಡಿಸಿ, ಫಾಂಟ್ಸ್ ಫೋಲ್ಡರ್‌ಗೆ ನಕಲು ಮಾಡಿ, ಪುಸ್ತಕ ತೆರೆದು ಅಕ್ಷರದ ಪಟ್ಟಿಯಲ್ಲಿ ಆರಿಸಿ.

ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಮಾಡಿದ ಪಿಡಿಎಫ್ ಇಲ್ಲಿ ದೊಡ್ಡ ತೊಡಕು. ನೋಡಲು ಚೆಂದದ ಕನ್ನಡ. ಇಪಬ್‌ಗೆ ಬದಲಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅದು ಯೂನಿಕೋಡ್ ಅಲ್ಲ ಎಂಬುದೇ ಕಾರಣ. ಒಂದು ಸಾಲು ನಕಲು ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿದರೆ ತಕ್ಷಣ ಗೊತ್ತಾಗುತ್ತದೆ. ಹಾಗಿದ್ದರೆ ಪಠ್ಯವನ್ನು ಆಸ್ಕಿಯಿಂದ (ಆ ಹಳೆಯ ಸಂಕೇತದಿಂದ) ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಕ್ಕೆ ಹಾಕಿ, ಒಮ್ಮೆ ಕಣ್ಣಾಡಿಸಿ ತಿದ್ದಿ, ಆಮೇಲೆ ಇಪಬ್ ಮಾಡಿ. ಅಷ್ಟು ತಾಳ್ಮೆ ಇಲ್ಲದವರು ಪಿಡಿಎಫ್ ಅನ್ನು ಟ್ಯಾಬ್‌ನಲ್ಲೇ ಓದಿ.

5. ಎರಡೂ ಬೇಕೆನ್ನುವವರಿಗೆ

ಇ-ಇಂಕ್ ಪರದೆ, ಒಳಗೆ ಆಂಡ್ರಾಯ್ಡ್ ಎರಡೂ ಇರುವ ಸಾಧನಗಳೂ ಇವೆ. ಓನಿಕ್ಸ್ ಕಂಪನಿಯ ಬೂಕ್ಸ್ ಅದರಲ್ಲಿ ಹೆಸರಾದದ್ದು. ಕನ್ನಡದ ಆ್ಯಪ್‌ಗಳನ್ನು ಹಾಕಿಕೊಂಡು ಕಾಗದದಂಥ ಪರದೆಯ ಮೇಲೆ ಓದಬಹುದು. ಮೇಲ್ನೋಟಕ್ಕೆ ಕನ್ನಡ ಓದುಗರಿಗೆ ಇದೇ ಸರಿಯಾದ ಉತ್ತರ. ಆದರೆ ಬೆಲೆ ಹೆಚ್ಚು, ಆ್ಯಪ್‌ಗಳಲ್ಲಿ ಮೇಲೆ ಕೆಳಗೆ ಸರಿಸುವಾಗ ಪರದೆ ಹಿಂದೆ ಬೀಳುತ್ತದೆ, ಹಳೆಯ ಪುಟದ ನೆರಳು ಉಳಿಯುತ್ತದೆ, ಬ್ಯಾಟರಿ ಸರಳ ಇ-ರೀಡರ್‌ನಷ್ಟು ಬಾಳುವುದಿಲ್ಲ. ವರ್ಷಕ್ಕೆ ನಾಲ್ಕೈದು ಪುಸ್ತಕ ಓದುವವರಿಗೆ ನಾನಂತೂ ಹೇಳುವುದಿಲ್ಲ. ಆ ದುಡ್ಡಿಗೆ ಅಚ್ಚಿನ ಪುಸ್ತಕಗಳೇ ಒಂದು ಕಪಾಟು ತುಂಬುತ್ತವೆ.

6. ಫೋನನ್ನೇ ಪುಸ್ತಕ ಮಾಡಿಕೊಳ್ಳುವುದು

ಹೊಸತೇನೂ ಕೊಳ್ಳದವರು ರೀಡ್‌ಎರಾದಂಥ ಓದುವ ಆ್ಯಪ್ ಹಾಕಿಕೊಳ್ಳಿ, ಇಲ್ಲವೇ ಗೂಗಲ್ ಪ್ಲೇ ಬುಕ್ಸ್‌ಗೆ ನಿಮ್ಮ ಇಪಬ್ ಏರಿಸಿ. ಅಕ್ಷರ ದೊಡ್ಡದು ಮಾಡಿ, ಸಾಲುಗಳ ನಡುವಿನ ಅಂತರ ಹೆಚ್ಚಿಸಿ (ಕನ್ನಡಕ್ಕೆ ಇದು ಬೇಕೇ ಬೇಕು, ಒತ್ತುಗಳಿಗೆ ಉಸಿರಾಡಲು ಜಾಗ ಸಿಗುತ್ತದೆ), ಹಿನ್ನೆಲೆಗೆ ತಿಳಿ ಹಳದಿ ಕೊಡಿ. ‘ಡು ನಾಟ್ ಡಿಸ್ಟರ್ಬ್’ ಹಾಕಿ. ಆಂಡ್ರಾಯ್ಡ್‌ನ ಸೆಟ್ಟಿಂಗ್ಸ್‌ನಲ್ಲಿ ‘ಆ್ಯಪ್ ಪಿನ್ನಿಂಗ್’ ಎಂದು ಹುಡುಕಿ ಆನ್ ಮಾಡಿ, ಓದುವ ಆ್ಯಪ್‌ಗೆ ಪಿನ್ ಹಾಕಿದರೆ, ಪಿನ್ ತೆಗೆಯುವವರೆಗೆ ಇನ್ನೊಂದು ಆ್ಯಪ್‌ಗೆ ಜಾರುವಂತಿಲ್ಲ. ಐಫೋನ್‌ನಲ್ಲಿ ಇದೇ ಕೆಲಸಕ್ಕೆ ‘ಗೈಡೆಡ್ ಆ್ಯಕ್ಸೆಸ್’.

ಫೋನಿಗೆ ತನ್ನದೇ ಲಾಭವೂ ಇದೆ. ಕಣ್ಣು ಮಂಜಾದ ಅಜ್ಜಿಗೆ ಗೂಗಲ್‌ನ ಕನ್ನಡ ಧ್ವನಿಯಲ್ಲಿ ಯೂನಿಕೋಡ್ ಪುಸ್ತಕವನ್ನು ಓದಿಸಬಹುದು. ಧ್ವನಿ ತುಸು ಯಾಂತ್ರಿಕ, ಆದರೂ ಕತೆ ಕೇಳಲು ಅಡ್ಡಿಯಿಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಕ್ಕಳು ಕನ್ನಡ ಪದಕ್ಕೆ ತಡವರಿಸಿದರೆ ವಿ. ಕೃಷ್ಣ ಅವರ ‘ಅಲರ್’ ನಿಘಂಟು ಅದೇ ಫೋನಿನಲ್ಲಿ ತೆರೆಯುತ್ತದೆ. ಒಂದೂವರೆ ಲಕ್ಷ ಪದಗಳು, ಉಚಿತ.

7. ಕೊಂಡದ್ದನ್ನು ಕಾಪಾಡಿಕೊಳ್ಳಿ

ಮೈಕ್ರೊಸಾಫ್ಟ್ 2019ರಲ್ಲಿ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಗಿರಾಕಿಗಳಿಗೆ ದುಡ್ಡು ವಾಪಸ್ ಬಂತು, ಪುಸ್ತಕಗಳು ಹೋದವು. ಕಿಂಡಲ್‌ನಲ್ಲಿ ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಯುಎಸ್‌ಬಿಯಲ್ಲಿ ಸಾಗಿಸುವ ಆಯ್ಕೆಯನ್ನು ಅಮೆಜಾನ್ 2025ರ ಫೆಬ್ರುವರಿ 26ರಂದು ತೆಗೆದುಹಾಕಿತು. ನಿಮ್ಮದೇ ಕಡತಗಳನ್ನು ಹಾಕಲು ಮಾತ್ರ ಯುಎಸ್‌ಬಿ ಈಗಲೂ ನಡೆಯುತ್ತದೆ. ಆದ್ದರಿಂದ ವಿಕಿಸೋರ್ಸ್, ಆರ್ಕೈವ್‌ಗಳಿಂದ ಇಳಿಸಿಕೊಂಡದ್ದನ್ನು, ಲೇಖಕರು ಬೀಗವಿಲ್ಲದೆ (ನಕಲು ಮಾಡಲು ತಡೆಯಿಲ್ಲದೆ) ಕೊಟ್ಟ ಇಪಬ್‌ಗಳನ್ನು ಕ್ಯಾಲಿಬರ್‌ಗೆ ಸೇರಿಸಿ. ಪುಸ್ತಕದ ಹೆಸರು, ಲೇಖಕರ ಹೆಸರು ಕನ್ನಡದಲ್ಲೇ ತುಂಬಿ, ಇಡೀ ಫೋಲ್ಡರ್ ಅನ್ನು ಒಂದು ಪೆನ್‌ಡ್ರೈವ್‌ಗೆ ನಕಲು ಮಾಡಿಡಿ. ಆ್ಯಪ್‌ಗಳಲ್ಲಿ ಕೊಂಡ ಪುಸ್ತಕಗಳಿಗೆ ಹೀಗೆ ಮಾಡಲಾಗದು. ಅಲ್ಲಿ ಲಾಗಿನ್ ಆದ ಮೊಬೈಲ್ ನಂಬರು, ಇಮೇಲ್ ಯಾವುದೆಂದು ಬರೆದಿಟ್ಟುಕೊಳ್ಳಿ. ಸಿಮ್ ಬದಲಿಸುವ ಮುನ್ನ ಆ್ಯಪ್‌ನಲ್ಲೂ ನಂಬರು ಬದಲಿಸಿ.